ರೋಗಕ್ಕೆ ವೇಷ ತೊಡಿಸಿದವರು

ರೋಗದ ಹೆಸರನ್ನು ನಾಲಿಗೆಗೆ ಸೋಕಿಸದೆಯೇ ಇಡೀ ವೈದ್ಯವೃತ್ತಿಯನ್ನು ನಡೆಸಿಬಿಟ್ಟ ಮಹಾನುಭಾವರು ನಮ್ಮ ಡಾಕ್ಟರು. ರೋಗಿ ಎದುರಿಗೆ ಕೂತದ್ದೇ ತಡ, ನೋವಿನ ಮಾತು ಆಮೇಲೆ, ಮೊದಲ ಪ್ರಶ್ನೆ, "ಏನ್ ಕೆಲ್ಸ ಮಾಡ್ಕೊಂಡಿದೀರಿ?" ಉತ್ತರ ಸಿಕ್ಕಿತೋ, ರೋಗಕ್ಕೆ ಆ ಕಸುಬಿನದೇ ವೇಷ ತೊಡಿಸಿ ಎದುರಿಗೆ ನಿಲ್ಲಿಸುತ್ತಿದ್ದರು. ಲಾರಿ ಚಾಲಕನ ಎದೆಯೊಳಗೆ ಸೈಲೆನ್ಸರಿಗೆ ಮಸಿ ಕಟ್ಟಿರುತ್ತಿತ್ತು; ನಲ್ಲಿ ರಿಪೇರಿಯವನ ಹೃದಯದಲ್ಲಿ ವಾಷರು ಸವೆದಿರುತ್ತಿತ್ತು; ಮೇಷ್ಟರ ಎರಡು ಮೂತ್ರಪಿಂಡಗಳಲ್ಲಿ ಒಂದು ತರಗತಿಗೆ ಚಕ್ಕರ್ ಹೊಡೆಯುತ್ತಿತ್ತು. ಹೇಳಿ ಮುಗಿಸುವ ಮೊದಲೇ ತಾವೇ ನಗುವರು. ಸಾಯುವ ಕಾಯಿಲೆ ಹೊತ್ತು ತಂದವನೂ ಹಲ್ಲು ಕಿರಿದುಕೊಂಡು ಹೊರಬರುತ್ತಿದ್ದ. ಹೊಟ್ಟೆ ಮುಂದು ಮಾಡಿ ಚಪ್ಪಲಿ ಎಳೆಯುತ್ತ, ಮೊಣಕೈಗೆ ತೇಪೆ ಹಾಕಿದ ಬಿಳಿ ಕೋಟಿನಲ್ಲಿ ಅವರು ಬೀದಿಗಿಳಿದರೆ ಜನ ಎದ್ದು ನಿಲ್ಲುತ್ತಿದ್ದರು.

ಆ ತೇಪೆ ಹಾಕಿದವಳು ಅವರ ಒಬ್ಬಳೇ ತಂಗಿ. ಗಂಡ ತೀರಿದ ಮೇಲೆ ಹೊಲಿಗೆ ಅಂಗಡಿಯಿಟ್ಟು ಮಗಳನ್ನು ಬೆಳೆಸಿದ ಗಟ್ಟಿಗಿತ್ತಿ. ಬೆನ್ನುನೋವೆಂದು ಬಂದವಳಿಗೆ ಸ್ಕ್ಯಾನ್ ಮಾಡಿಸಿದರೆ, ಹೊಟ್ಟೆಯೊಳಗಿನ ಮಹಾಧಮನಿ ಒಂದೆಡೆ ಉಬ್ಬಿ, ಗೋಡೆ ತೆಳುವಾಗಿ, ಯಾವ ಗಳಿಗೆಯಲ್ಲಾದರೂ ಒಡೆಯುವಂತಿತ್ತು. ಚಿತ್ರ ನೋಡಿದೊಡನೆ ಡಾಕ್ಟರಿಗೆ ಅಪಾಯ ಎಷ್ಟೆಂದು ತಿಳಿಯಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದಲ್ಲ!

"ನೋಡೇ, ಒಳಗೆ ಬಟ್ಟೆ ಒಂದ್ ಕಡೆ ತೆಳ್ಳಗಾಗಿದೆ, ಅಷ್ಟೇ. ದೊಡ್ಡಾಸ್ಪತ್ರೇಲಿ ಒಂದು ತೇಪೆ ಹಾಕಿಸ್ಕೊಂಡ್ರೆ ಆಯ್ತು," ಎಂದರು, ಕೋಟಿನ ಮೊಣಕೈ ತೋರಿಸಿ.

"ಅರ್ಜೆಂಟಾ ಅಣ್ಣಾ?"

"ಹೆದರೋ ಅಂಥದ್ದೇನಿಲ್ಲ. ಸುಮ್ನೆ ತಡ ಮಾಡ್ಬೇಡ."

ಅವಳು ಹಗುರಾಗಿ ಅಂಗಡಿಗೆ ಮರಳಿದಳು. ಶಾಲೆ ತೆರೆಯುವುದರೊಳಗೆ ಮಕ್ಕಳ ಸಮವಸ್ತ್ರ ಹೊಲಿದು ಕೊಡಬೇಕಿತ್ತು. ಹೊಲಿಗೆಯವರ ಲೋಕದಲ್ಲಿ ಹೊಸ ಬಟ್ಟೆಗೆ ಗಡುವಿದೆ, ತೇಪೆಗಿಲ್ಲ. ಹರಿದದ್ದು, ಸವೆದದ್ದೆಲ್ಲ ಮೇಜಿನಡಿಯ ಗಂಟಿನಲ್ಲಿ ಬಿದ್ದಿದ್ದು, ಹೊಸದೆಲ್ಲ ಮುಗಿದ ಮೇಲೆಯೇ ಹೊರಬರುತ್ತದೆ. ಪುಣ್ಯಾತಗಿತ್ತಿ ತನ್ನ ದೇಹವನ್ನೂ ಅದೇ ಸಾಲಿನಲ್ಲಿ ಕೊನೆಗೆ ನಿಲ್ಲಿಸಿದಳು. ಒಂದು ಮಧ್ಯಾಹ್ನ ಮಿಷನ್ ತುಳಿಯುತ್ತಿದ್ದವಳು "ಅಮ್ಮಾ" ಎಂದು ಮುಂದಕ್ಕೆ ಬಾಗಿದಳು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಳುವುದನ್ನೂ ಮರೆತು ಕೂತಿದ್ದ ಮಗಳು, ಡಾಕ್ಟರು ಬಂದು ತಲೆ ಸವರಿದಾಗ ಅವರ ಕೈ ಸರಿಸಿದಳು.

"ತೇಪೆ ಅಂದ್ರಲ್ಲ ಮಾವ. ತೇಪೆ ಕೆಲ್ಸಾನ ಅಮ್ಮ ಯಾವತ್ತು ಮೊದ್ಲು ಮಾಡಿದಾಳೆ?"

"ಅವ್ಳು ಹೆದರ್ಬಾರ್ದು ಅಂತ ಕಣಮ್ಮಾ..."

"ಹೆದರಿದ್ದಿದ್ರೆ ಬದುಕ್ತಿದ್ಲು."

ಡಾಕ್ಟರು ಮೊಣಕೈಯ ತೇಪೆಯನ್ನು ಅಂಗೈಯಿಂದ ಮುಚ್ಚಿಕೊಂಡು ಹೊರನಡೆದರು.

ಇಂಥವರನ್ನು ಕೆಟ್ಟವರೆನ್ನಲು ನಾಲಿಗೆ ಏಳುವುದಿಲ್ಲ. ಊರು ಇಂದಿಗೂ ಅವರನ್ನು ದೇವರಂಥ ಮನುಷ್ಯ ಎನ್ನುತ್ತದೆ, ಎನ್ನಲಿ. ಆದರೆ ಕರುಣೆಯೆಂದು ನಾವು ಕೈಮುಗಿಯುವ ಈ ಮೃದುಭಾಷೆಯ ಬುಡದಲ್ಲಿರುವುದು ಪುಕ್ಕಲುತನ. ಕಹಿ ಸತ್ಯ ಕೇಳಿ ಎದುರಿನ ಮುಖ ಬಿಳಿಚಿಕೊಳ್ಳುವುದನ್ನು ನೋಡುವ ಒಂದು ಗಳಿಗೆಯ ಸಂಕಟವನ್ನು ಈ ಒಳ್ಳೆಯವರು ತಪ್ಪಿಸಿಕೊಳ್ಳುತ್ತಾರೆ. ಅದಕ್ಕೆ ದಂಡ ತೆರುವವರು, ಅವರನ್ನು ನಂಬಿ ನಗುತ್ತ ಎದ್ದುಹೋದವರು.