ಪೋಲ್ಡಿಯ ಕೈ

ಚಿತ್ರಕಾರ ಪ್ರೊಫೆಸರ್ ಕ್ರೈನರ್ ಒಂದು ಕೈಯಲ್ಲಿ ಹಂದಿಕೊಬ್ಬು ಸವರಿದ ಬ್ರೆಡ್ಡು ಹಿಡಿದು, ಇನ್ನೊಂದು ಕೈಯಿಂದ ಹೆಣದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಬೆಳಿಗ್ಗೆಯಷ್ಟೇ ಸೆನ್ಸಿ ತನ್ನ ಅಕ್ಕ ಪೋಲ್ಡಿಯ ಕೈ ಜೋಡಿಸಿ ಜಪಮಾಲೆ ಸುತ್ತಿದ್ದಳು. ಅದೀಗ ಶವಪೆಟ್ಟಿಗೆಯ ಅಂಚಿಗೆ ನೇತಾಡುತ್ತಿತ್ತು.

"ಏನ್ರೀ ಮಾಡ್ತಿದೀರಾ?"

"ಒಂದೇ ಒಂದು ಫೋಟೋ ಕಣಮ್ಮಾ. ನನ್ನ ಚಿತ್ರದಲ್ಲಿದ್ದ ಹಾಗೇ ಇರ್ಲಿ. ಈ ಕೈ ನೋಡೋಕೆ ಬರ್ಲಿನ್ನಿಂದ ಜನ ವಿಯೆನ್ನಾಕ್ಕೆ ಬರ್ತಾರೆ."

ಚಿತ್ರದ ಹೆಸರು 'ದೇವರನ್ನು ಒಲ್ಲದವಳು'. ಪ್ರೊಫೆಸರನ ಜೊತೆಗೆ ಒಬ್ಬ ಫೋಟೋದವನೂ ಒಬ್ಬ ಕನ್ನಡಕದವನೂ ಬಂದಿದ್ದರು. ಕನ್ನಡಕದವನು ನೆರೆದವರಿಗೆಲ್ಲ ಬಿಡಿಸಿ ಹೇಳಿದ: "ಬೆರಳಿಗೆ ಬೆರಳು ತಾಗ್ತಿಲ್ಲ, ನೋಡಿ. ಅಂದ್ರೆ ಈಕೆ ಪ್ರಾರ್ಥನೆಗೆ ಕೈ ಮುಗಿಯಲ್ಲ ಅಂತಿದಾಳೆ."

ಪಕ್ಕದ ಮನೆಯ ಪಿಶ್ಲರಮ್ಮ ಸೆನ್ಸಿಯ ಕಿವಿಯಲ್ಲಿ ಪಿಸುಗುಟ್ಟಿದಳು. "ಹೌದೇನೇ? ನಿಮ್ಮಕ್ಕ ದೇವರನ್ನ ನಂಬ್ತಿರ್ಲಿಲ್ವಾ?"

ಒಂದು ಭಾನುವಾರವೂ ಪೂಜೆ ತಪ್ಪಿಸದವಳು ಪೋಲ್ಡಿ! ಪ್ರೊಫೆಸರನ ಮೀಸೆಗೆ ಕೊಬ್ಬು ಮೆತ್ತಿತ್ತು. ಸೆನ್ಸಿ ಅದನ್ನೇ ನೋಡಿದಳು.

*

ಇಪ್ಪತ್ತು ವರ್ಷದ ಹಿಂದಿನ ಜನವರಿ. ಅಕ್ಕತಂಗಿಯರಿಬ್ಬರೂ ಊರವರ ಬಟ್ಟೆ ಒಗೆಯುತ್ತಿದ್ದರು. ಒಗೆಯುವ ಸೋಡಾದ ನೀರಿಗೆ ಪೋಲ್ಡಿಯ ಬೆರಳ ಸಂದುಗಳೆಲ್ಲ ಬಿರಿದು ರಕ್ತ ಜಿನುಗುತ್ತಿತ್ತು. ಒಲೆ ಹೊತ್ತಿಸದ ಕೋಣೆಯಲ್ಲಿ ಅವಳನ್ನು ನಿಲ್ಲಿಸಿಕೊಂಡು ಕ್ರೈನರ್ ಚಿತ್ರ ಬರೆಯುತ್ತಿದ್ದ. ಸೆನ್ಸಿ ಬಾಗಿಲ ಬಳಿ ಮುದುರಿ ಕೂತಿದ್ದಳು.

"ಸ್ವಾಮಿ, ಆ ಬ್ರೆಡ್ಡಿನ ಮೇಲಿರೋ ಕೊಬ್ಬು ಒಂಚೂರು ಕೊಡ್ತೀರಾ? ಬೆರಳ ಸಂದಿಗೆ ಹಚ್ಕೋತೀನಿ. ಬೆರಳಿಗೆ ಬೆರಳು ತಾಗಿದ್ರೆ ಪ್ರಾಣ ಹೋಗುತ್ತೆ" ಎಂದಳು ಪೋಲ್ಡಿ.

"ಬೇಡ ಬೇಡ, ಹೊಳೆದು ಎಲ್ಲಾ ಕೆಡುತ್ತೆ. ಹಾಗೇ ಇರು. ಆಹಾ, ಎಂಥಾ ಕೈ!"

ಕೊಬ್ಬನ್ನು ಕೊನೆಯ ಚೂರಿನ ತನಕ ಅವನೇ ತಿಂದು ಬೆರಳು ನೆಕ್ಕಿಕೊಂಡ.

*

"ಬೇಗ ಆಗ್ಲಿ, ಪಾದ್ರಿಗಳು ಕಾಯ್ತಿದಾರೆ" ಎಂದು ಹೆಣ ಹೊರುವವರು ಬಾಗಿಲಿಂದ ಕೂಗಿದರು. ಫೋಟೋದವನು ಕ್ಯಾಮೆರಾಕ್ಕೆ ಕಣ್ಣಿಟ್ಟ.

ಸೆನ್ಸಿ ಪ್ರೊಫೆಸರನ ಕೈಯಿಂದ ಬ್ರೆಡ್ಡು ಕಿತ್ತುಕೊಂಡಳು. ಕೊಬ್ಬನ್ನೆಲ್ಲ ಹೆಬ್ಬೆರಳಿಂದ ಬಳಿದು ತೆಗೆದು, ಅಕ್ಕನ ಒಂದೊಂದೇ ಬೆರಳ ಸಂದಿಗೆ ಹಚ್ಚತೊಡಗಿದಳು. ನೋವಾದೀತೇನೋ ಎಂಬಂತೆ ನಿಧಾನವಾಗಿ ತಿಕ್ಕಿದಳು.

"ಅಯ್ಯಯ್ಯೋ, ಹೊಳೆಯುತ್ತಲ್ಲಮ್ಮಾ!"

"ಹೊಳೀಲಿ ಬಿಡ್ರೀ. ಥೂ! ಅವತ್ತು ಇಷ್ಟೇ ಇಷ್ಟು ಕೇಳಿದ್ಲು."

ಬೆರಳಿಗೆ ಬೆರಳು ಸೇರಿತು. ಸೆನ್ಸಿ ಜಪಮಾಲೆ ಸುತ್ತಿ, ಬೋಳು ಬ್ರೆಡ್ಡನ್ನು ಪ್ರೊಫೆಸರನ ಕೈಗೆ ವಾಪಸು ಇಟ್ಟಳು. ಕಿಟಕಿಯ ಬಿಸಿಲಿಗೆ ಪೋಲ್ಡಿಯ ಮುಗಿದ ಕೈ ಹೊಳೆಯುತ್ತಿತ್ತು.