ಗುಂಡುತೋಪಿನ ನೆಲಸಂಪಿಗೆ

ದೊಡ್ಡಬೆಳವಂಗಲದ ಆಚೆ, ಪಿಳ್ಳಪ್ಪನ ಹೊಲಕ್ಕೆ ಅಂಟಿಕೊಂಡೇ ಊರಿನ ಗುಂಡುತೋಪಿದೆ. ಚಳಿ ಶುರುವಾದ ಹೊತ್ತಿನಲ್ಲಿ, ಅಲ್ಲಿನ ಹೊಂಗೆ, ಇಪ್ಪೆ ಮರಗಳ ನೆರಳಿನಲ್ಲಿ ಯಾರೋ ಬಿದಿರಿನ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿದ್ದು ಅವನ ಕಣ್ಣಿಗೆ ಬಿತ್ತು. ಗೂಟ ಕಂಡರೆ ಈ ಕಡೆಯವರಿಗೆ ಮೊದಲು ನೆನಪಾಗುವುದು ಲೇಔಟು. ಪಿಳ್ಳಪ್ಪನಿಗೆ ನೆನಪಾದದ್ದು ಸೈಟು ಮಾರಿಸುವ ಬ್ರೋಕರ್ ಕಾಂತರಾಜು, ಸ್ವಂತ ಅಣ್ಣನ ಮಗ.

"ತೋಪಲ್ಲಿ ಗೂಟ ಹೊಡ್ಸಿದ್ದೀಯೇನಪ್ಪಾ?" ಎಂದು ಕೇಳಿಯೇ ಬಿಟ್ಟ.

"ಯಾವ ಗೂಟ ಚಿಕ್ಕಪ್ಪ? ನಂಗೊತ್ತೇ ಇಲ್ಲ," ಎಂದು ಕಾಂತರಾಜು ನಕ್ಕ. ಆ ನಗು ನೋಡಿ ಪಿಳ್ಳಪ್ಪನ ಅನುಮಾನ ಇನ್ನೂ ಬಲವಾಯಿತು.

ಮರುದಿನ ಬೆಳಕು ಹರಿಯುವ ಮುಂಚೆ ಹೋಗಿ ಇಪ್ಪೆ ಮರದ ಮರೆಯಲ್ಲಿ ಕೂತ. ಬಂದವಳು ಕಾಂತರಾಜುವಿನ ಹೆಂಡತಿ ಮಮತ. ಅತ್ತಿತ್ತ ನೋಡಿ, ಮಂಡಿಯೂರಿ ಇನ್ನೊಂದು ಗೂಟ ಬಡಿಯತೊಡಗಿದಳು. ಪಿಳ್ಳಪ್ಪ ಎದ್ದು ಬಂದ.

"ಏನಮ್ಮ ಇದು?"

ಮಮತ ಬೆಚ್ಚಿದಳು. "ಹೂವಿನ ಗಿಡ ಮಾವ. ನೆಲಸಂಪಿಗೆ ಅಂತ ಕಾಣುತ್ತೆ. ಎಲೆ ಒಣಗೋದ್ರೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ, ಅದಕ್ಕೆ ಗುರುತು."

"ಅಂತ ಕಾಣುತ್ತೆ ಅಂದ್ರೆ? ಖಚಿತ ಇಲ್ದೆ ಗೂಟ ಹೊಡೀತಿದ್ದೀಯಾ?"

"ಹೂ ನೋಡ್ದೆ ಹೇಗೆ ಹೇಳ್ಲಿ? ಮಳೆಗಾಲದಲ್ಲಿ ಎಲೆ ನೋಡಿದ್ದೆ. ಅರಿಶಿನದ ಎಲೆ ಥರಾನೇ, ಆದ್ರೆ ಮಗುಚಿದ್ರೆ ನೇರಳೆ ಬಣ್ಣ. ಜಡಿಗೇನಹಳ್ಳೀಲಿ ನಮ್ಮಜ್ಜಿ ಬೆಳೆಸಿದ್ರು. ಬೇಸಿಗೆ ಮಳೆ ಬಿದ್ಮೇಲೆ ಎಲೆ ಇಲ್ದೆ ಬರೀ ಹೂ ನೆಲದಿಂದ ಏಳುತ್ತೆ. ಬಿಸಿಲೇರಿದ್ರೆ ಬಾಡೋಗುತ್ತೆ."

"ಹುಟ್ಟಿದಾಗಿಂದ ಈ ತೋಪಲ್ಲಿ ಓಡಾಡ್ತಿದ್ದೀನಿ, ಅಂಥ ಹೂ ಕಂಡಿಲ್ಲ. ಈ ಕಥೆ ನಿನ್ ಗಂಡ ಹೇಳ್ಕೊಟ್ಟಿದ್ದಾ?"

ಮಮತ ಗೂಟದ ಬುಡ ಕೆದಕಿ, ಸಣ್ಣ ಗಂಟುಗಳು ಜೋತಾಡುತ್ತಿದ್ದ ಗೆಡ್ಡೆಯೊಂದನ್ನು ಅವನ ಕೈಗಿಟ್ಟಳು. "ಮನೇಲಿ ನೀವೇ ನೆಡಿ. ನೆರಳಿರ್ಲಿ, ತರಗೆಲೆ ಗೊಬ್ಬರ ಹಾಕಿ. ಮಳೆ ಬರೋ ತನಕ ನೀರು ಮಾತ್ರ ಹಾಕ್ಬೇಡಿ, ಕೊಳೆತೋಗುತ್ತೆ."

ಅವಳು ಹೋದ ಮೇಲೆ ಪಿಳ್ಳಪ್ಪ ಗೂಟಗಳನ್ನೆಲ್ಲ ಕಿತ್ತು ಬೇಲಿಯಾಚೆ ಎಸೆದ.

ಗೆಡ್ಡೆಯನ್ನು ಹಿತ್ತಲಿನ ಹಲಸಿನ ಕೆಳಗೆ ನೆಟ್ಟನೇನೋ ನಿಜ. ಆದರೆ ನೀರು ಹಾಕಬೇಡಿ ಎಂದದ್ದು ತಲೆಯಲ್ಲಿ ಕೊರೆಯತೊಡಗಿತು. ನೀರಿಲ್ಲದೆ ಯಾವ ಗಿಡ ಬದುಕುತ್ತದೆ? ಇದು ಸತ್ತರೆ ತನ್ನ ಸುಳ್ಳು ಹೊರಗೆ ಬರುವುದಿಲ್ಲ ಎಂದೇ ಹಾಗೆ ಹೇಳಿದ್ದಾಳೆ. ಹೆಂಡತಿ ರುಕ್ಮಿಣಮ್ಮನ ಕಣ್ಣು ತಪ್ಪಿಸಿ ದಿನವೂ ಒಂದು ಚೊಂಬು ನೀರು ಹೊಯ್ದ.

ಬೇಸಿಗೆಯ ಮೊದಲ ಮಳೆ ಬಂತು. ಹಲಸಿನ ಕೆಳಗೆ ಏನೂ ಏಳಲಿಲ್ಲ. ಕೆದಕಿದರೆ ನಾರುವ ಲೋಳೆ ಕೈಗೆ ಹತ್ತಿತು.

"ಕೊಳೆತ ಗೆಡ್ಡೇನೇ ಕೊಟ್ಟಿದ್ದಾಳೆ ನೋಡು," ಎಂದ.

"ದಿನಾ ಚೊಂಬುಗಟ್ಲೆ ಸುರಿದ್ರಲ್ಲ, ನಾನು ನೋಡಿಲ್ಲ ಅಂದ್ಕೊಂಡ್ರಾ?" ಎಂದಳು ರುಕ್ಮಿಣಮ್ಮ.

ಮರುದಿನ ಬೆಳಗ್ಗೆ ಪಿಳ್ಳಪ್ಪ ತೋಪಿಗೆ ಹೋದ. ಒದ್ದೆ ತರಗೆಲೆಗಳ ನಡುವೆ, ದಂಟಿಲ್ಲ, ಎಲೆಯಿಲ್ಲ, ಮಣ್ಣೇ ಬಾಯಿ ಬಿಟ್ಟಂತೆ ಬಿಳಿ ಹೂವೊಂದು ಅರಳಿತ್ತು. ಒಳಗೆ ತಿಳಿನೇರಳೆ, ಬಗ್ಗಿದರೆ ಘಮ. ಹೆಜ್ಜೆ ಎತ್ತುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಕಂಡಿತು. ಕಿತ್ತೆಸೆದ ಗುರುತುಗಳಿದ್ದಿದ್ದರೆ ಎಲ್ಲಿ ಕಾಲಿಡಬೇಕೆಂದು ತಿಳಿಯುತ್ತಿತ್ತು. ನಿಂತಲ್ಲಿಂದಲೇ ಮಮತಳಿಗೆ ಫೋನ್ ಮಾಡಿದ.

ಅವಳು ಬಂದು ಕುಕ್ಕರಗಾಲಿನಲ್ಲಿ ಕೂತು ನೋಡಿದಳು. "ಅದೇ ಮಾವ. ನಂಗೂ ಇವತ್ತೇ ಖಚಿತ ಆಗಿದ್ದು."

"ನಿನ್ ಗಂಡಂಗೆ ಗೊತ್ತಾ?"

"ಇಲ್ಲ. ಗೊತ್ತಾದ್ರೆ ಸೈಟ್ ನೋಡೋಕ್ ಬರೋರ್ನೆಲ್ಲ ಇಲ್ಲಿಗೂ ಕರ್ಕೊಂಡ್ಬರ್ತಾರೆ. ಒಂದೂ ಉಳಿಯಲ್ಲ."

ಪಿಳ್ಳಪ್ಪ ಅವಳ ಮುಖವನ್ನೇ ದಿಟ್ಟಿಸಿದ. ಗಂಡನನ್ನು ಇವಳೂ ನಂಬುವುದಿಲ್ಲ ಎನ್ನುವುದು ಅವನಿಗೆ ಹೊಸದು.

"ನೀನು ಕೊಟ್ಟಿದ್ದು ಕೊಳೆತೋಯ್ತು ಕಣಮ್ಮ. ನಾನೇ ನೀರು ಹಾಕ್ಬಿಟ್ಟೆ."

"ಗೊತ್ತು. ಅತ್ತೆ ಆವಾಗ್ಲೇ ಹೇಳಿದ್ರು."

ಈ ಇಬ್ಬರೂ ತನ್ನ ಬೆನ್ನ ಹಿಂದೆ ಇನ್ನೂ ಏನೇನು ಮಾತಾಡಿಕೊಂಡಿದ್ದಾರೋ ಎಂದು ಪಿಳ್ಳಪ್ಪನ ಹುಬ್ಬು ಗಂಟಿಕ್ಕಿತು. ಆದರೂ ಕೇಳಿದ, "ಇನ್ನೊಂದು ಗೆಡ್ಡೆ ಯಾವಾಗ ಕೊಡ್ತೀಯಾ?"

"ಎಲೆ ಒಣಗಿದ್ಮೇಲೆ," ಎಂದಳು ಮಮತ. "ಈ ಸಲ ಅತ್ತೆ ಕೈಗೆ ಕೊಡ್ತೀನಿ."