ಕೆಂಪಿಗೆ ಒಬ್ಬ ಒಡೆಯ

"ಕೆಂಪು ಇಟ್ಕೊಂಡು ಆಡಳಿತ ಮಂಡಳಿ ಮುಂದೆ ಹೋಗೋ ಹಾಗಿಲ್ಲಮ್ಮ," ಎಂದರು ಕುಲಸಚಿವರು, ಪರದೆಯತ್ತ ಕಣ್ಣು ಕಿರಿದು ಮಾಡಿ. "ಹಳದಿ ಮಾಡಿ."

ವಿಶ್ವವಿದ್ಯಾಲಯದ ಅಪಾಯ ನಿರ್ವಹಣಾ ಸಮಿತಿಯ ಸಭೆಗಳಲ್ಲಿ ಟೈಪು ಮಾಡುವುದು, ಪರದೆಯ ಮೇಲೆ ಒಂದೊಂದು ಅಪಾಯದ ಚೌಕಕ್ಕೂ ಬಣ್ಣ ತುಂಬುವುದು ಅವಳ ಕೆಲಸ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಹೊಗೆ ಹೊರದೂಡುವ ಯಂತ್ರ ಕೆಟ್ಟು ಎರಡು ಪರೀಕ್ಷೆಗಳೇ ಕಳೆದಿದ್ದವು. ಆ ಚೌಕಕ್ಕೆ ಕೆಂಪು ಹಚ್ಚಿದವಳು ಅವಳೇ. ಅಲ್ಲಿ ಗಾಜಿನ ಸಾಮಾನು ತೊಳೆಯುವ ಸಹಾಯಕ ಅವಳ ತಮ್ಮ. ಅವನ ಕೆಮ್ಮು ಗೋಡೆಯಾಚೆ ಮಲಗಿದ ಅವಳನ್ನೂ ನಿದ್ದೆ ಮಾಡಗೊಡುತ್ತಿರಲಿಲ್ಲ.

"ಯಂತ್ರ ಇನ್ನೂ ರಿಪೇರಿ ಆಗಿಲ್ವಲ್ಲ ಸರ್."

"ರಿಪೇರಿಗೂ ಬಣ್ಣಕ್ಕೂ ಏನು ಸಂಬಂಧ? ಅಪಾಯಕ್ಕೊಬ್ಬ ಒಡೆಯನ ಹೆಸರು ಬರೆದ್ರೆ ಹಳದಿ. ನಿಯಮ ಟೈಪ್ ಮಾಡಿದ್ದು ನೀವೇ ಅಲ್ವಾ?"

ನಿಯಮ ಹಾಗೆಯೇ ಇತ್ತು. ಹೊಣೆ ಹೊರುವವನೊಬ್ಬನಿದ್ದರೆ ಅಪಾಯ ಹತೋಟಿಯಲ್ಲಿದ್ದಂತೆ ಎಂದು ಹೊರಗಿನ ಸಲಹೆಗಾರರು ಹೇಳಿಕೊಟ್ಟು ಹೋಗಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪಂಡಿತರೇ ಮೇಜಿನ ಸುತ್ತ ಕೂತಿದ್ದರಿಂದ ಯಾರೂ ಪ್ರಶ್ನಿಸಿರಲಿಲ್ಲ.

ಒಡೆಯನ ಹುಡುಕಾಟ ಶುರುವಾಯಿತು. ವಿಭಾಗದ ಮುಖ್ಯಸ್ಥರು ಕುರ್ಚಿ ಹಿಂದೆ ಸರಿಸಿದರು. "ನಿವೃತ್ತಿ ಹತ್ರ ಬಂದೋನು ನಾನು. ಹೋಗೋ ಹೊತ್ತಲ್ಲಿ ನನ್ನ ಕೊರಳಿಗ್ಯಾಕೆ ಕಟ್ತೀರಿ?"

"ನನ್ನದು ಗೋಡೆ ಮಾತ್ರ ಸ್ವಾಮಿ. ಒಳಗಿನ ಗಾಳಿ ನನ್ನದಲ್ಲ," ಎಂದರು ಕಟ್ಟಡದ ಇಂಜಿನಿಯರ್. ಎಲ್ಲರೂ ನಕ್ಕರು.

ಕೊನೆಗೆ ಮುಖ್ಯಸ್ಥರಿಗೇ ಹೊಳೆಯಿತು. "ದಿನಾ ಬೀಗ ತೆಗೆಯೋನು ಆ ಸಹಾಯಕ. ಅವನಿಗಿಂತ ಹತ್ತಿರದೋರು ಯಾರಿದ್ದಾರೆ?"

"ಸರ್, ಅವನದು ಹಂಗಾಮಿ ಕೆಲಸ." ನನ್ನ ತಮ್ಮ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅಂದಿದ್ದರೆ, ಓಹೋ, ಕೆಂಪು ಹಚ್ಚಿದ್ದು ಅದಕ್ಕೇನಾ ಎನ್ನುತ್ತಿದ್ದರು.

"ಹಂಗಾಮಿ ಆದ್ರೇನಮ್ಮ, ಉಸಿರಾಡ್ತಾನಲ್ಲ?" ಎಂದರು ಕುಲಸಚಿವರು. ಮತ್ತೆ ನಗು. "ನಾಳೆ ಹೆಚ್ಚುಕಮ್ಮಿ ಆದ್ರೆ ಕೇಳೋಕೆ ಒಬ್ಬ ಬೇಕಷ್ಟೆ. ಬರೀರಿ."

ಅವಳು ಬರೆದಳು. ಚೌಕ ತಾನಾಗಿಯೇ ಹಳದಿಗೆ ತಿರುಗಿತು.

ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ತಮ್ಮನಿಗೆ ಸುದ್ದಿ ಮುಟ್ಟಿತ್ತು. "ಅಕ್ಕಾ, ನನ್ನ ಹೆಸರು ಆಡಳಿತ ಮಂಡಳಿ ತನಕ ಹೋಗುತ್ತಂತೆ. ಕಾಯಂ ಮಾಡೋ ಮುಂಚೆ ಹೀಗೇ ಜವಾಬ್ದಾರಿ ಕೊಟ್ಟು ನೋಡ್ತಾರಂತೆ. ಮುಖ್ಯಸ್ಥರೇ ಹೆಗಲ ಮೇಲೆ ಕೈ ಹಾಕಿ ಹೇಳಿದ್ರು."

"ಇನ್ನು ಇವರನ್ನ ಹಿಡಿಯೋರೇ ಇಲ್ಲ ಬಿಡಿ ಅತ್ತಿಗೆ," ಎಂದಳು ಅವನ ಹೆಂಡತಿ.

"ಏನಾದ್ರೂ ಆದ್ರೆ ಹಿಡಿಯೋದು ಇವನನ್ನೇ. ಬೇಡ ಅಂದುಬಿಡೋ."

ತಮ್ಮ ಅವಳ ಮುಖವನ್ನೇ ನೋಡಿದ. "ಬೇಡ ಅಂದ್ರೆ ನಾಳೆಯಿಂದ ಬರಬೇಡ ಅಂತಾರೆ. ಅನ್ನಲ್ವಾ? ನೀನೇ ಹೇಳಕ್ಕ, ಅವರ ಸಭೆ ಒಳಗೆ ಕೂತ್ಕೊಳ್ಳೋಳು."

ಅವಳು ಚಪ್ಪಲಿ ಬಿಚ್ಚಿ ಒಳಗೆ ಹೋದಳು.

ಬೆಳಗ್ಗೆ ಅವನು ಎಂದಿಗಿಂತ ಬೇಗ ಹೊರಟು ನಿಂತ. ವಿದ್ಯಾರ್ಥಿಗಳು ಬರುವ ಮುನ್ನ ಒಳಹೊಕ್ಕು, ಕಿಟಕಿಗಳನ್ನೆಲ್ಲ ತೆರೆದು, ರಾತ್ರಿಯಿಡೀ ಕೂಡಿಕೊಂಡ ಘಾಟು ಇಳಿಯುವವರೆಗೆ ಅಲ್ಲೇ ನಿಲ್ಲಬೇಕು; ಒಡೆಯ ಅನ್ನಿಸಿಕೊಂಡ ಮೇಲೆ ಅಷ್ಟಾದರೂ ಮಾಡಬೇಡವೇ ಎಂಬುದು ಅವನ ಯೋಚನೆ.

"ಈ ಟವೆಲ್ ಮೂಗಿಗೆ ಹ್ಯಾಗೆ ಕಟ್ಕೊಳ್ಳೋದು, ಒಂದ್ಸಲ ತೋರಿಸಕ್ಕ."

ಅವಳು ಟವೆಲನ್ನು ನೀರಿನಲ್ಲಿ ಅದ್ದಿ ಹಿಂಡಿದಳು. ಅವನ ಮೂಗು ಬಾಯಿ ಮುಚ್ಚುವಂತೆ ಸುತ್ತಿ, ತಲೆಯ ಹಿಂದೆ ಗಂಟು ಹಾಕಿದಳು.

"ಬಿಗಿಯಾಯ್ತೇನೋ?"

ಅವನು ಏನೋ ಅಂದ. ಮಾತು ಬಟ್ಟೆಯೊಳಗೇ ಉಳಿಯಿತು. ಕಣ್ಣಲ್ಲಿ ನಗುತ್ತ ಮೆಟ್ಟಿಲಿಳಿದು ಹೋದ. ಅವಳ ಬೆರಳ ತುದಿಯಿಂದ ನೀರು ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು.